ಬೊಟ್ಟಿನ ಕ್ಯಾಮೆರಾ

ನನ್ನ ಗಂಡ ಅಮರೇಶನ ಅಕ್ಕ ಗಂಗೋತ್ರಿಗೆ ಕುರುಗೋಡಿನಲ್ಲಿ ಒಂದು ಫೋಟೊ ಸ್ಟುಡಿಯೊ ಇದೆ. ಬಸವೇಶ್ವರ ಗುಡಿಯ ಕಡೆ ಹೋಗುವ ರಸ್ತೆಯಲ್ಲಿ ಒಂದೇ ಶಟರಿನ ಅಂಗಡಿ. ಎಡಕ್ಕೆ ಗೊಬ್ಬರದಂಗಡಿ, ಬಲಕ್ಕೆ ಮೆಣಸಿನಕಾಯಿ ಚೀಲ ಹೊಲಿಯುವವರು. ಫೋಟೊಕ್ಕೆ ಕೂತವರು ಮೊದಲು ಸೀನುತ್ತಾರೆ, ಆಮೇಲೆ ನಗುತ್ತಾರೆ. ಒಳಗೆ ನೀಲಿ ಪರದೆ, ಒಂದು ಸ್ಟೂಲು, ಬಾಚಣಿಕೆ ಕಟ್ಟಿದ ಕನ್ನಡಿ, ಪೌಡರ್ ಡಬ್ಬಿ.

ನಾನು ಬಳ್ಳಾರಿಯಲ್ಲಿರುತ್ತೇನೆ. ಮಧ್ಯಾಹ್ನ ಮಗಳು ಶರು ಮಲಗಿದಾಗ ಡೈರಿ ಬರೆಯುವುದು ರೂಢಿ. ಅವಳಿಗೆ ಹಲ್ಲು ಬಂದದ್ದು, ಜ್ವರ ಬಂದದ್ದು, ಲಸಿಕೆ ಹಾಕಿಸಿದ್ದು, ಹೀಗೆ ಒಬ್ಬ ತಾಯಿ ಬರೆದುಕೊಳ್ಳುವಂಥದ್ದೇ ಹೆಚ್ಚು. ಆದರೆ ಈ ವರ್ಷ ಹಾಳೆ ತಿರುಗಿಸಿದಲ್ಲೆಲ್ಲ ಗಂಗಕ್ಕ ಬಂದು ಕೂತಿದ್ದಾಳೆ. ಅವಳ ಕತೆಯನ್ನು ಒಂದೆಡೆ ನೆಟ್ಟಗೆ ಬರೆಯೋಣವೆನಿಸಿತು.

ಆ ಸ್ಟುಡಿಯೊ ಮೊದಲು ಅವಳ ಗಂಡ ಚನ್ನಬಸವಣ್ಣನದು. ಎಲ್ಲರ ಕೈಗೂ ಫೋನು ಬಂತು. ಮದುವೆಯ ಕೆಲಸವೆಲ್ಲ ಡ್ರೋನು ಹಾರಿಸುವ ಬಳ್ಳಾರಿಯವರ ಪಾಲಾಯಿತು. ಚನ್ನಬಸವಣ್ಣ ಕುಡತಿನಿಯ ವಿದ್ಯುತ್ ಸ್ಥಾವರಕ್ಕೆ ಗುತ್ತಿಗೆ ಕೆಲಸಕ್ಕೆ ಹೊರಟ.

"ಅಂಗಡಿ ಬಿಟ್ಟುಬಿಡೋಣ" ಎಂದನಂತೆ.

"ಯಾಕ ಬಿಡೋದು? ನಾ ಕುಂದ್ರತೀನಿ. ಆಧಾರ್ ಫೋಟೊ ತಗಿಯಾಕ ಮೀಸಿ ಬೇಕೇನು?" ಎಂದಳಂತೆ ಗಂಗಕ್ಕ.

ಹೀಗೆ ಕೂತವಳಿಗೆ ಗಂಡ ಬಿಟ್ಟುಹೋದ ಹಳೆಯ ಕ್ಯಾಮೆರಾವೇ ಗುರು. ಮೊದಮೊದಲು ಸ್ಟೂಲಿನ ಮೇಲೆ ಕೂತವರ ತಲೆ ಕತ್ತರಿಸಿಹೋಗುತ್ತಿತ್ತು. ಆಮೇಲೆ ತಲೆ ಬಂತು, ಕಣ್ಣು ಮುಚ್ಚಿರುತ್ತಿತ್ತು. ಆಮೇಲೆ ಎಲ್ಲವೂ ಬಂತು. ಕೈ ಪಳಗಿದ ಮೇಲೆ ಅವಳಿಗೆ ಒಂದು ವಿಷಯ ಹೊಳೆಯಿತು. ಊರಿನಲ್ಲಿ ಯಾವ ಗಂಡಸು ಫೋಟೊಗ್ರಾಫರೂ ಕಾಲಿಡಲಾಗದ ಒಂದು ಜಾಗವಿದೆ, ಅದು ಬಾಣಂತಿಯ ಕೋಣೆ. ಗಂಗಕ್ಕ ಚಪ್ಪಲಿ ಬಿಟ್ಟು, ಕಾಲು ತೊಳೆದು ಒಳಗೆ ಹೋಗಬಲ್ಲಳು.

ಹೋಗಬಲ್ಲಳು ಎಂದೆ. ಹೋದ ತಕ್ಷಣ ಯಾರೂ ಕೂಸನ್ನು ಮುಂದೆ ಹಿಡಿಯುವುದಿಲ್ಲ. ಹಸುಗೂಸಿನ ಫೋಟೊ ತೆಗೆದರೆ ದೃಷ್ಟಿಯಾಗುತ್ತದೆ ಎನ್ನುವುದು ನಮ್ಮ ಕಡೆಯ ಅಜ್ಜಿಯರ ಗಟ್ಟಿ ಮಾತು. ಕೂಸಿಗೆ ಕುತ್ತಿಗೆ ನಿಲ್ಲಬೇಕು, ಮಗ್ಗಲು ಹೊರಳಬೇಕು, ಅಲ್ಲಿಯವರೆಗೆ ಫೋಟೊ ಇಲ್ಲ. ಆ ಬಾಗಿಲನ್ನು ಗಂಗಕ್ಕನಿಗೆ ತೆರೆದದ್ದು ಅವಳ ಕ್ಯಾಮೆರಾದೊಳಗಿನ ಒಂದು ಕಲೆ.

ಆ ಕಲೆ ಬಂದದ್ದು ಹೀಗೆ. ಒಂದು ಸಲ ಅಂಗಡಿ ಬಾಗಿಲಲ್ಲೇ ಲೆನ್ಸ್ ಬಿಚ್ಚಿಟ್ಟಾಗ ಪಕ್ಕದ ಮೆಣಸಿನಕಾಯಿ ಧೂಳು ಒಳಗೆ ಹೋಯಿತು. ಚಿತ್ರ ಮೂಡುವ ತೆಳ್ಳನೆಯ ಗಾಜು ಇರುತ್ತದಲ್ಲ, ಸೆನ್ಸರು ಅನ್ನುತ್ತಾರೆ, ಅದರ ಮೇಲೆ ಒಂದು ಕಣ ಕೂತಿತು. ಚನ್ನಬಸವಣ್ಣ ಅದನ್ನು ಲುಂಗಿಯ ಅಂಚಿನಿಂದ ಒರೆಸಿದ. ಕಣ ಹೋಯಿತು, ಗೀರು ಉಳಿಯಿತು. ಅಂದಿನಿಂದ ಯಾವ ಫೋಟೊ ತೆಗೆದರೂ ಬಲಗಡೆಯ ಮೇಲಿನ ಮೂಲೆಯಲ್ಲಿ ಸಾಸಿವೆಯಷ್ಟು ಕಪ್ಪು ಚುಕ್ಕಿ. ಕ್ಯಾಮೆರಾ ನಿಲುವಾಗಿ ತಿರುಗಿಸಿ ಹಿಡಿದರೆ ಎಡಮೂಲೆಗೆ ಹೋಗುತ್ತಿತ್ತು. ಗಂಗಕ್ಕ ಪ್ರತಿ ಫೋಟೊದಲ್ಲೂ ಅದನ್ನು ಕಂಪ್ಯೂಟರಿನಲ್ಲಿ ಅಳಿಸಿ ಪ್ರಿಂಟ್ ಹಾಕುತ್ತಿದ್ದಳು.

ಒಂದು ಸಲ ಮರೆತಳು. ಆ ಫೋಟೊ ಹೋಗಿ ಸೇರಿದ್ದು ದೊಡ್ಡಬಸಮ್ಮನ ಕೈಗೆ.

ದೊಡ್ಡಬಸಮ್ಮ ಕುರುಗೋಡಿನಲ್ಲಿ ಮನೆಮನೆಗೆ ಹೋಗಿ ಕೂಸುಗಳಿಗೆ ಎಣ್ಣೆ ಹಚ್ಚಿ ನೀರೆರೆಯುವವಳು. ಆಕೆಯ ಚಾಚಿದ ಕಾಲುಗಳ ಮೇಲೆ ಬೋರಲು ಬೀಳದ ಮಕ್ಕಳು ಆ ಓಣಿಯಲ್ಲಿಲ್ಲ. ಎಲ್ಲರೂ ಬಸಮ್ಮವ್ವ ಎನ್ನುತ್ತಾರೆ. ಕೂಸಿನ ವಿಷಯದಲ್ಲಿ ಡಾಕ್ಟರ ಮಾತಿಗೆ ಎದುರಾಡಿದರೂ ಬಸಮ್ಮವ್ವನ ಮಾತಿಗೆ ಎದುರಾಡುವುದಿಲ್ಲ.

"ಇದೇನ್ಲೇ ಗಂಗಿ, ಮೂಲ್ಯಾಗ ಕರ್ರಗ?" ಎಂದಳು ಬಸಮ್ಮವ್ವ. ಅದು ಪಕ್ಕದ ಮನೆಯವರು ಹಟ ಮಾಡಿ ತೆಗೆಸಿದ ಕೂಸಿನ ಫೋಟೊ.

ಗಂಗಕ್ಕ ಫೋಟೊಕ್ಕೆ ಕೈಚಾಚಿದಳು. "ಅದು ಕ್ಯಾಮೆರಾದ ಕಲಿ, ಬಸಮ್ಮವ್ವ. ಅಳಸಾಕ ಮರ್ತೆ. ಕೊಡಿಲ್ಲಿ, ಬ್ಯಾರೇದು ಮಾಡಿ ಕೊಡ್ತೀನಿ."

"ಎಲ್ಲಾದ್ರಾಗೂ ಬರ್ತೈತೇನು?"

"ಎಲ್ಲಾದ್ರಾಗೂ."

ಮುದುಕಿ ಫೋಟೊವನ್ನು ಹತ್ತಿರ ಹಿಡಿದಳು, ದೂರ ಹಿಡಿದಳು, ಮತ್ತೆ ಹತ್ತಿರ ತಂದಳು. ಆಮೇಲೆ ಬೊಚ್ಚುಬಾಯಿ ತೆರೆದು ಓಣಿಗೆಲ್ಲ ಕೇಳುವಂತೆ ಕೂಗಿದಳು. "ಬರ್ರೇ ಇಲ್ಲಿ! ಈಕಿ ಕ್ಯಾಮೆರಾ ದಿಷ್ಟಿಬೊಟ್ಟು ಇಟ್ಕೊಂಡ ಹುಟ್ಟೇತಿ ನೋಡ್ರಿ!"

ಅಷ್ಟೇ. ಆಮೇಲೆ ಗಂಗಕ್ಕ ಕೂಸುಗಳ ಫೋಟೊದಲ್ಲಿ ಚುಕ್ಕಿ ಅಳಿಸುವುದನ್ನು ಬಿಟ್ಟಳು. ಬಿಟ್ಟಳು ಎನ್ನುವುದಕ್ಕಿಂತ ಅಳಿಸಿದರೆ ಜನ ವಾಪಸು ತರುತ್ತಿದ್ದರು. ಬೊಟ್ಟಿನ ಕ್ಯಾಮೆರಾ ಎಂದು ಹೆಸರಾಯಿತು. ಸುತ್ತಲ ಹಳ್ಳಿಗಳಿಂದ ಕರೆ ಬಂತು. ಮೂರು ತಿಂಗಳಾಗಲಿ ಎನ್ನುತ್ತಿದ್ದ ಅಜ್ಜಿಯರು, "ಗಂಗೋತ್ರಿ ಆದ್ರ ಬರ್ಲಿ, ಆಕಿ ಕ್ಯಾಮೆರಾಕ್ಕ ಬೊಟ್ಟೈತಿ" ಎನ್ನತೊಡಗಿದರು. ಎಲ್ಲ ಕೆಲಸವನ್ನೂ ಫೋನು ತಿಂದುಹಾಕಿದ ಕಾಲದಲ್ಲಿ ಆ ಅಂಗಡಿಯ ಶಟರು ಏಳುತ್ತಿದ್ದದ್ದು ಕೂಸುಗಳಿಂದ, ಅಂದರೆ ಆ ಚುಕ್ಕಿಯಿಂದ.

ಆದರೆ ಕ್ಯಾಮೆರಾ ಮುದಿಯಾಗಿತ್ತು. ನಮ್ಮ ಶರುವಿನ ಫೋಟೊವನ್ನೂ ಅದರಲ್ಲೇ ತೆಗೆದದ್ದು. ಗೋಡೆಗೆ ಹಾಕೋಣವೆಂದು ದೊಡ್ಡದು ಮಾಡಿಸಿದರೆ ಮಗಳ ಕೆನ್ನೆಯ ಮೇಲೆ ರವೆ ಚೆಲ್ಲಿದಂತೆ ಕಾಣುತ್ತಿತ್ತು. ಬಾಣಂತಿ ಕೋಣೆಗಳಲ್ಲಿ ಬೆಳಕು ಕಡಿಮೆ. ಫ್ಲ್ಯಾಶ್ ಹಾಕದೆ ಆ ಕ್ಯಾಮೆರಾಕ್ಕೆ ಏನೂ ಕಾಣದು. ಫ್ಲ್ಯಾಶ್ ಹಾಕಿದರೆ ಕೂಸು ಬೆಚ್ಚಿಬಿದ್ದು, ಎರಡೂ ಕೈ ಮೇಲೆತ್ತಿ, ಕಿಟಾರನೆ ಕಿರುಚುವುದು. ಮುಖ ಬೆಳ್ಳಗೆ ಸುಣ್ಣ ಬಳಿದಂತೆ, ಹಿಂದೆ ಕಗ್ಗತ್ತಲು.

ಒಬ್ಬ ಬಾಣಂತಿ ತನ್ನ ಫೋನನ್ನು ಪ್ರಿಂಟಿನ ಪಕ್ಕದಲ್ಲಿಟ್ಟು, "ಅಕ್ಕಾ, ತಪ್ಪು ತಿಳ್ಕೋಬ್ಯಾಡ. ಇದ್ರಾಗ ಇನ್ನಾ ಚಲೋ ಬಂದೈತಲ್ಲ?" ಎಂದಳಂತೆ.

"ಹೌದವಾ, ಚಲೋ ಬಂದೈತಿ" ಎಂದು ಹೇಳಿ ಗಂಗಕ್ಕ ಮನೆಗೆ ಬಂದಳು. ಮರುದಿನ ನನಗೆ ಫೋನು ಮಾಡಿದಳು.

"ಸುಧಾ, ಬೊಟ್ಟು ನೋಡಿ ಎಷ್ಟ್ ದಿನ ಕರೀತಾರ? ಒಳಗ ಕೂಸು ಕಾಣಬೇಕಲ್ಲ. ನಾಳೆ ಬಳ್ಳಾರಿಗೆ ಬರ್ತೀನಿ. ನೀನೂ ಬಾ ಅಂಗಡಿಗೆ. ಒಬ್ಬಾಕಿ ಹೋದ್ರ ನಂಗ ಏನೇನೋ ಹೇಳಿ ತಲಿಗೆ ಟೋಪಿ ಹಾಕ್ತಾರ."

ಬೆಂಗಳೂರು ರಸ್ತೆಯ ಒಂದು ಅಂಗಡಿಗೆ ಹೋದೆವು. ಶರು ನನ್ನ ಸೊಂಟದ ಮೇಲೆ. ಅಂಗಡಿಯ ಗುರುಸ್ವಾಮಿ ಮಾತಿಗೆ ಮುಂಚೆ ಮಗಳ ಕೈಗೆ ಒಂದು ಖಾಲಿ ಡಬ್ಬಿ ಕೊಟ್ಟು ನಮ್ಮನ್ನು ಗೆದ್ದುಬಿಟ್ಟ. ಹೊಸ ನಮೂನೆಯ ಕ್ಯಾಮೆರಾ ತೆಗೆದು ಗಂಗಕ್ಕನ ಕೈಗಿತ್ತ. ಹಳೆಯದರ ಅರ್ಧ ತೂಕವೂ ಇರಲಿಲ್ಲ.

"ಚೂಡಂಡಿ, ನೋಡ್ರಿ ಅಕ್ಕಾ, ಫ್ಲ್ಯಾಶ್ ಗೀಶ್ ಏನೂ ಬ್ಯಾಡ. ಈ ಟ್ಯೂಬ್‌ಲೈಟ್ ಸಾಕು. ಪಾಪೂದ ತಗದ ನೋಡ್ರಿ."

ಗಂಗಕ್ಕ ಒತ್ತಿದಳು. ಏನೂ ಆಗಲಿಲ್ಲ.

"ಇದು ಕೆಟ್ಟೈತ್ರಿ" ಎಂದಳು.

"ಕೆಟ್ಟಿಲ್ಲಕ್ಕಾ, ತಗದೈತಿ. ಇದಕ್ಕ ಸಪ್ಪಳ ಇಲ್ಲ."

ಹಿಂದಿನ ಪರದೆಯಲ್ಲಿ ಶರು ಇದ್ದಳು. ಗಂಗಕ್ಕ ಅದನ್ನು ದೊಡ್ಡದು ಮಾಡಿದಳು, ಇನ್ನೂ ದೊಡ್ಡದು ಮಾಡಿದಳು. ರವೆ ಇಲ್ಲ. ರೆಪ್ಪೆಯ ಕೂದಲು ಒಂದೊಂದೂ ಬಿಡಿಬಿಡಿ. ತುಟಿಯ ಮೇಲೆ ಬೆಳಿಗ್ಗೆ ತಿಂದ ಬಿಸ್ಕತ್ತಿನ ಪುಡಿ. ಕಣ್ಣಿನ ಕರಿಗುಡ್ಡೆಯಲ್ಲಿ ಅಂಗಡಿಯ ಟ್ಯೂಬ್‌ಲೈಟು, ಅದರ ಕೆಳಗೆ ಪುಟ್ಟದಾಗಿ ಕ್ಯಾಮೆರಾ ಹಿಡಿದು ಬಗ್ಗಿದ ಗಂಗಕ್ಕ.

"ಅಯ್ಯ, ನಾ ಈಕಿ ಕಣ್ಣಾಗ ಅದೀನಲ್ಲ!" ಎಂದಳು ಅವಳು.

ಹಳೆಯದನ್ನು ಬದಲಿಗೆ ಕೊಡುವುದೆಂದು ಮಾತಾಯಿತು. ಗುರುಸ್ವಾಮಿ ಅದರ ಕಲೆ ನೋಡಿ ಮುಖ ಹುಳ್ಳಗೆ ಮಾಡಿದರೂ ತೆಗೆದುಕೊಂಡ. ಹೊಸ ಲೆನ್ಸಿನ ಮುಂದೆ ಹಾಕಿಕೊಳ್ಳಲು ಒಂದು ತಿರುಪಿನ ಗಾಜು ಬರುತ್ತದೆ, ಲೆನ್ಸಿಗೆ ಕಾಪು, ಬೇಕೇ ಎಂದು ಕೇಳಿದ. ಗಂಗಕ್ಕ ಬೇಡವೆಂದಳು.

"ಹಂಗಾದ್ರ ಒಂದ್ ಮಾತು ನೆಪ್ಪಿಟ್ಕೊಳ್ರಿ ಅಕ್ಕಾ. ಏನರ ಮಾಡ್ರಿ, ಮುಂದಿನ ಗ್ಲಾಸಿಗೆ ಬೆರಳು ಮಾತ್ರ ತಾಗಸ್ಬ್ಯಾಡ್ರಿ. ಎಣ್ಣಿ ಕೈ ಅಂತೂ ಬ್ಯಾಡಾ ಬ್ಯಾಡ."

ಕೂಸುಗಳ ಮನೆಗೆ ಹೋಗುವವಳಿಗೆ ಎಣ್ಣೆ ಕೈ ಬೇಡವಂತೆ! ನಾವಿಬ್ಬರೂ ದಾರಿಯುದ್ದಕ್ಕೂ ನಕ್ಕೆವು.

ಮೊದಲ ಫೋಟೊ ಯಾರದೆಂದು ಗಂಗಕ್ಕ ಆಗಲೇ ನಿರ್ಧರಿಸಿದ್ದಳು. ಬಸಮ್ಮವ್ವನ ಮೊಮ್ಮಗಳು ಅರುಣಾ ಸಿರುಗುಪ್ಪದ ಸೊಸೆ. ಗಂಡ ಅಲ್ಲಿ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದಾನೆ. ಅವಳ ಗಂಡುಕೂಸು ದಿನ ತುಂಬುವ ಮೊದಲೇ ಹುಟ್ಟಿ, ಬಹಳ ದಿನ ಬಳ್ಳಾರಿಯ ದವಾಖಾನೆಯಲ್ಲಿ ಗಾಜಿನ ಪೆಟ್ಟಿಗೆಯೊಳಗಿತ್ತು. ಈಗಷ್ಟೇ ಕುರುಗೋಡಿಗೆ, ತವರಿಗೆ ಬಂದಿತ್ತು. ಇನ್ನು ಸ್ವಲ್ಪ ದಿನದಲ್ಲಿ ತಾಯಿ ಮಗ ಸಿರುಗುಪ್ಪಕ್ಕೆ ಹೋಗುವವರು. ತಡವಾಗಿಹೋಗಿದ್ದ ತೊಟ್ಟಿಲ ಶಾಸ್ತ್ರ ಅಲ್ಲಿಯೇ ಎಂದು ಗೊತ್ತಾಗಿತ್ತು.

ಅರುಣಾಗೆ ಬೇಕಾದದ್ದು ಒಂದೇ. "ಅಕ್ಕಾ, ದವಾಖಾನ್ಯಾಗ ಗಾಜಿನ ಹೊರಗಿಂದ ಫೋನಿನಾಗ ಒಂದ್ ಫೋಟೊ ತಗದಿದ್ದೆ. ಅದ್ರಾಗ ಮಗ ಕಾಣಂಗಿಲ್ಲ, ಗಾಜಿನಾಗ ನನ್ನ ಮಾರಿನ ಕಾಣ್ತೈತಿ. ಇಂವ ಬೆಳದುಬಿಡ್ತಾನ. ಈಟ ಇದ್ದ ಅಂತ ನಂಗೊಂದು ಇರ್ಲಿ."

ಗಂಗಕ್ಕ ಆ ಮನೆಗೆ ಹೋಗಿ, ಹೊಸ ಕ್ಯಾಮೆರಾದ ಗುಣ ತೋರಿಸಲು ಶರುವಿನ ಫೋಟೊ ಬಸಮ್ಮವ್ವನ ಮುಂದೆ ಹಿಡಿದಳು. ಮುದುಕಿ ರೆಪ್ಪೆ ನೋಡಲಿಲ್ಲ, ಕಣ್ಣು ನೋಡಲಿಲ್ಲ. ನೆಟ್ಟಗೆ ಮೂಲೆ ನೋಡಿದಳು. ಕನ್ನಡಕ ಒರೆಸಿ ಇನ್ನೊಂದು ಮೂಲೆ ನೋಡಿದಳು.

"ಬೊಟ್ಟೆಲ್ಲೇ?"

"ಇದು ಹೊಸಾದು, ಬಸಮ್ಮವ್ವ. ಇದ್ರಾಗ ಬರಂಗಿಲ್ಲ."

"ಹಳೇದು?"

"ಕೊಟ್ಟೆ."

"ಕೊಟ್ಟೀ?" ಮುದುಕಿ ಕೂಸಿನ ಮೇಲೆ ಸೆರಗು ಎಳೆದಳು. "ಗಾಜಿನ ಪೆಟಿಗ್ಯಾಗಿಂದ ಎದ್ದು ಬಂದೈತಿ ಇದು. ಬೋಳುಗಣ್ಣಿನ ಕ್ಯಾಮೆರಾ ಇದರ ಮುಂದ ಹಿಡೀಬ್ಯಾಡ. ನಡಿ, ಚಾ ಕುಡದು ಹೋಗು."

ಅರುಣಾ ಅಜ್ಜಿಯ ಕಡೆ ನೋಡಿದಳು, ಗಂಗಕ್ಕನ ಕಡೆ ನೋಡಿದಳು, ತಲೆ ತಗ್ಗಿಸಿದಳು.

ಬಸಮ್ಮವ್ವ ಎರೆಯಲು ಹೋದ ಮನೆಗಳಿಗೆಲ್ಲ ಸುದ್ದಿ ಹೋಯಿತು. ಬರುವ ವಾರ ಬಾ ಎಂದವರು ಆಮೇಲೆ ನೋಡೋಣ ಎಂದರು. ಇನ್ನೊಬ್ಬರು ಫೋನೇ ಎತ್ತಲಿಲ್ಲ. ಶಟರು ಎತ್ತಿ ಕೂತರೆ ಬರುವವರು ಬರೀ ಆಧಾರ್ ಫೋಟೊಕ್ಕೆ ಕೂತು ಸೀನುವವರು.

ಚನ್ನಬಸವಣ್ಣ ಒಂದು ಉಪಾಯ ಹೇಳಿದ. "ಕಂಪ್ಯೂಟರಿನಾಗ ಅಳಸಾಕ ಬರ್ತಿತ್ತಂದ್ರ, ಇಡಾಕೂ ಬರ್ತೈತಲ್ಲ. ಒಂದ್ ಚುಕ್ಕಿ ಇಟ್ಟು ಕೊಡು, ಮುಗೀತು."

ಗಂಗಕ್ಕ ಶರುವಿನ ಫೋಟೊಕ್ಕೆ ಬಲಮೂಲೆಯಲ್ಲಿ, ಹಳೆಯ ಜಾಗದಲ್ಲೇ, ಅಷ್ಟೇ ಗಾತ್ರದ ಚುಕ್ಕಿ ಇಟ್ಟು ಒಯ್ದು ತೋರಿಸಿದಳು. ಬಸಮ್ಮವ್ವನ ಮುಖ ಅರಳಿತು. ಆಮೇಲೆ ಏನೋ ಅನುಮಾನ ಬಂತು.

"ಖರೇ ಹೇಳು ಗಂಗಿ. ಇದು ಕ್ಯಾಮೆರಾ ಇಟ್ಟಿದ್ದೋ, ನೀ ಇಟ್ಟಿದ್ದೋ?"

ಒಂದು ಸುಳ್ಳಿನಲ್ಲಿ ಎಲ್ಲ ಮುಗಿಯುತ್ತಿತ್ತು. ಆದರೆ ಅದೇ ಮುದುಕಿ ಗಂಗಕ್ಕನ ಇಬ್ಬರು ಮಕ್ಕಳನ್ನೂ ಕಾಲ ಮೇಲೆ ಹಾಕಿಕೊಂಡು ಎರೆದವಳು.

"ನಾ ಇಟ್ಟಿದ್ದು."

"ತಗದಮ್ಯಾಗ ಇಟ್ರ ಏನಾತಲೇ? ದಿಷ್ಟಿ ಒಳಗ ಹೊಕ್ಕಿರ್ತೈತಿ, ನೀ ಆಮ್ಯಾಲ ಬಾಗ್ಲಾಗ ಚಿಲಕ ಹಾಕ್ತಿ."

ಅಂದು ಗಂಗಕ್ಕ ನನಗೆ ಫೋನು ಮಾಡಿದಳು. "ಸುಧಾ, ಹಳೇದ್ನ ವಾಪಸ್ ಕೊಡ್ತಾನೇನು ಕೇಳಿ ನೋಡು. ಹೊಸಾದು ಬಂದು ನನ್ನ ಅನ್ನಕ್ಕ ಕಲ್ಲು ಹಾಕಿದಂಗಾತು." ನಾನು ಗುರುಸ್ವಾಮಿಯನ್ನು ಕೇಳಿದೆ. ಅದು ಆಗಲೇ ಗುಂತಕಲ್ಲಿನವರೊಬ್ಬರ ಕೈಗೆ ಹೋಗಿತ್ತು. ಹಿಂದಕ್ಕೆ ಹೋಗುವ ದಾರಿ ಮುಚ್ಚಿತು.

ಭಾನುವಾರ ಅಮರೇಶನನ್ನು ಹೊರಡಿಸಿಕೊಂಡು ಕುರುಗೋಡಿಗೆ ಹೋದೆ. ಸಮಾಧಾನ ಹೇಳುವುದರಲ್ಲಿ ನಾನು ಜಾಣೆಯಲ್ಲ. ಅಡುಗೆ ಮಾಡಬಲ್ಲೆ. ಜೋಳದ ರೊಟ್ಟಿ, ಪುಂಡಿಪಲ್ಲೆ ಮಾಡಿ ಗಂಗಕ್ಕನಿಗೆ ಬಡಿಸಿದೆ. ಉಂಡಾದ ಮೇಲೆ, ಅರುಣಾಳ ಕೂಸನ್ನು ಕ್ಯಾಮೆರಾ ಇಲ್ಲದೆಯೇ ನೋಡಿ ಬರೋಣ, ಮಾರನೆಯ ದಿನ ಅವರು ಸಿರುಗುಪ್ಪಕ್ಕೆ ಹೊರಟುಬಿಡುತ್ತಾರೆ ಎಂದೆ. ಹೊರಡುವಾಗ ಶರುವಿನ ಅಂಗಿ ಬದಲಾಯಿಸಿ, ಕಾಡಿಗೆ ಡಬ್ಬಿ ತೆಗೆದು ಅವಳ ಕೆನ್ನೆಗೊಂದು, ಅಂಗಾಲಿಗೊಂದು ಬೊಟ್ಟಿಟ್ಟೆ. ಗಂಗಕ್ಕ ನೋಡುತ್ತಿದ್ದಳು.

"ಸುಧಾ, ನೀ ಹೊರಗ ಹೋಗೂ ಮೊದ್ಲ ಇಡ್ತಿಯಲ್ಲ?"

"ಮತ್ತ? ಬಂದಮ್ಯಾಗ ಇಟ್ರ ಏನುಪಯೋಗ ಅಕ್ಕಾ?"

"ಬಸಮ್ಮವ್ವ ಹೇಳಿದ್ದೂ ಅದನ ಅಲ್ಲೇನು?" ಎಂದವಳೇ ಎದ್ದು ಒಳಗೆ ಹೋದಳು. ಕ್ಯಾಮೆರಾ ಚೀಲ ಹೆಗಲಿಗೆ ಹಾಕಿಕೊಂಡು ಬಂದಳು.

ನಾವು ಹೋದಾಗ ಕೂಸಿಗೆ ಎರೆದು ಮುಗಿದಿತ್ತು. ಕೋಣೆಯೊಳಗೆ ಲೋಬಾನದ ಹೊಗೆ. ಸಣ್ಣ ಕಿಟಕಿಯಿಂದ ಬಿಸಿಲು ಹೊಗೆಯೊಳಗೆ ಹಾದು, ಕೌದಿಯ ಮೇಲೆ ಮಲಗಿಸಿದ ಕೂಸಿನ ಮಗ್ಗುಲಿಗೆ ಬಿದ್ದಿತ್ತು. ಬಸಮ್ಮವ್ವ ಕಾಡಿಗೆ ಬಟ್ಟಲು ಮುಂದಿಟ್ಟುಕೊಂಡು ಕೂಸಿನ ಹುಬ್ಬು ತೀಡುತ್ತಿದ್ದಳು.

ಗಂಗಕ್ಕ ಮುಂದೆ ಕೂತು, ಚೀಲದಿಂದ ಕ್ಯಾಮೆರಾ ತೆಗೆದು, ಮುಚ್ಚಳ ಬಿಚ್ಚಿ, ಮುದುಕಿಯ ಮುಂದೆ ಎರಡೂ ಕೈಯಲ್ಲಿ ಹಿಡಿದಳು.

"ಹಳೇದು ಬೊಟ್ಟಿಟ್ಕೊಂಡ ಹುಟ್ಟಿತ್ತು. ಇದು ಈಗ ಹುಟ್ಟಿದ ಕೂಸು, ಬಸಮ್ಮವ್ವ. ಇದಕ್ಕ ಇಡೋರು ಯಾರು? ನೀನ ಇಡು."

ಅವಳ ಮನಸ್ಸಿನಲ್ಲಿದ್ದದ್ದು ಕ್ಯಾಮೆರಾದ ಕರಿ ಮೈ. ಎಲ್ಲೋ ಒಂದು ಮೂಲೆಯಲ್ಲಿ ಇಟ್ಟರೆ ಆಯಿತು, ಆಮೇಲೆ ಒರೆಸಿಕೊಂಡರಾಯಿತು ಎಂದುಕೊಂಡಿದ್ದಳು. ಬಸಮ್ಮವ್ವ ಕಾಡಿಗೆ ಬಟ್ಟಲನ್ನು ಹತ್ತಿರ ಎಳೆದುಕೊಂಡಳು. ಆಮೇಲೆ ಉಂಗುರದ ಬೆರಳನ್ನು ಹರಳೆಣ್ಣೆಯ ಕಾಡಿಗೆಯಲ್ಲಿ ಅದ್ದಿ, ಬಾಯಲ್ಲಿ ಏನೋ ಗುನುಗಿ, ನೆಟ್ಟಗೆ ಲೆನ್ಸಿನ ಗಾಜಿನ ಮೇಲೆ ಒತ್ತಿಬಿಟ್ಟಳು. ಒತ್ತಿ, ಗುಂಡಗಾಗಲೆಂದು ಒಮ್ಮೆ ತಿರುವಿದಳು ಕೂಡ.

"ಅಯ್ಯಯ್ಯೋ, ಅಲ್ಲಿ ಅಲ್ಲ!" ಎಂದು ನಾನು ಕೂಗಿದೆ. ಗುರುಸ್ವಾಮಿಯ ಮಾತು ಕಿವಿಯಲ್ಲಿ ಗುಯ್ಯೆಂದಿತು.

"ಯಾಕ? ಕಣ್ಣಿಗಲ್ಲದ ಕಾಡಿಗಿ ಮತ್ತೆಲ್ಲಿ ಇಡ್ತಾರ, ಮೂಗಿಗೇನು?" ಎಂದಳು ಮುದುಕಿ.

ಗಂಗಕ್ಕನ ಕೈ ಮೆತ್ತನೆಯ ಬಟ್ಟೆಗೆಂದು ಚೀಲದ ಕಡೆ ಹೋಯಿತು. ಅಷ್ಟರಲ್ಲಿ ಬಸಮ್ಮವ್ವ ಕೂಸಿನ ಮೇಲಿನ ಬಟ್ಟೆ ಸರಿಸಿ, ಅದರ ಮುಖವನ್ನು ತಾನೇ ಬೆಳಕಿನ ಕಡೆ ತಿರುಗಿಸುತ್ತಿದ್ದಳು.

"ಹೂಂ. ಈಗ ತಗಿ."

ಚೀಲದ ಕಡೆ ಹೋದ ಕೈ ಹಿಂದೆ ಬಂತು. ಒರೆಸಿದರೆ ಆ ಕೂಸಿನ ಮೇಲೆ ಮತ್ತೆ ಸೆರಗು ಬೀಳುತ್ತದೆಂದು ಅವಳಿಗೆ ಗೊತ್ತಿತ್ತು. ಕಾಡಿಗೆ ಹಚ್ಚಿದ ಕ್ಯಾಮೆರಾವನ್ನು ಹಾಗೆಯೇ ಕಣ್ಣಿಗೆ ಹಿಡಿದಳು. ಮೊಣಕಾಲೂರಿದಳು. ಸ್ವಲ್ಪ ಎಡಕ್ಕೆ ಸರಿದಳು.

"ತಗದ್ಯಾ?"

"ತಗದೆ."

"ಸಪ್ಪಳ ಬರ್ಲಿಲ್ಲ, ಮಿಂಚು ಬರ್ಲಿಲ್ಲ. ಸುಳ್ಳು ಹೇಳ್ತಿ."

"ಇದಕ್ಕ ಎರಡೂ ಇಲ್ಲ, ಬಸಮ್ಮವ್ವ."

"ಹಂಗಾರ ಚಲೋ ಆತು. ಕೂಸು ಬೆಚ್ಚಂಗಿಲ್ಲ." ಮುದುಕಿ ಮೊದಲ ಸಲ ಆ ಕ್ಯಾಮೆರಾವನ್ನು ಮೆಚ್ಚಿಗೆಯಿಂದ ನೋಡಿದಳು.

ನಾವೆಲ್ಲ ಪರದೆಯ ಮೇಲೆ ಬಗ್ಗಿದೆವು. ಗಾಜಿನ ಮೇಲಿನ ಕಾಡಿಗೆ ಚಿತ್ರದಲ್ಲಿ ಚುಕ್ಕಿಯಾಗಿ ಮೂಡಿರಲಿಲ್ಲ. ಎಲ್ಲದರ ಮೇಲೂ ತೆಳ್ಳಗೆ ಹರಡಿತ್ತು. ಕಿಟಕಿಯ ಬಿಸಿಲು ಉಬ್ಬಿ, ಲೋಬಾನದ ಹೊಗೆಯೊಳಗೆ ಹಾಲಿನ ಹಾಗೆ ಚೆಲ್ಲಿತ್ತು. ಅದರ ನಡುವೆ ಕೂಸು ಮಲಗಿತ್ತು. ಹಣೆಯ ಮೇಲಿನ ನವಿರು, ಮುಷ್ಟಿಯ ಗೆರೆ, ದವಾಖಾನೆಯಲ್ಲಿ ನಳಿಕೆ ಅಂಟಿಸಿದ್ದ ಪಟ್ಟಿಯ ಮಾಸಿದ ಗುರುತು ಕೆನ್ನೆಯ ಮೇಲೆ. ಎಲ್ಲವೂ ಮೆತ್ತಗೆ ಕಂಡಿತು, ಆದರೆ ಕಂಡಿತು.

ಅರುಣಾ ಬೆರಳು ಚಾಚಿದಳು, ಪರದೆಗೆ ತಾಗಿಸದೆ ಹಿಂದೆ ತೆಗೆದುಕೊಂಡಳು. "ಇದ್ರಾಗ ನಾ ಇಲ್ಲ. ಬರೇ ಇಂವ ಒಬ್ಬನ ಅದಾನ" ಎಂದಳು. ಆಮೇಲೆ ಗೋಡೆಯ ಕಡೆ ತಿರುಗಿಕೊಂಡಳು. ನಾನು ಶರುವನ್ನು ಅವಳ ಮಡಿಲಿಗೆ ದೂಡಿದೆ. ಅಂಥ ಹೊತ್ತಿನಲ್ಲಿ ಕೈಗೊಂದು ಕೆಲಸ ಬೇಕಾಗುತ್ತದೆ.

ಬಸಮ್ಮವ್ವ ಮಾತ್ರ ಕನ್ನಡಕ ಏರಿಸಿ ಮೂಲೆಗಳನ್ನು ಹುಡುಕುತ್ತಿದ್ದಳು. "ಬೊಟ್ಟು ಕಾಣವಲ್ದಲ್ಲ."

ಮುದುಕಿ ಕ್ಯಾಮೆರಾ ತಿರುಗಿಸಿ ಗಾಜಿನ ಮೇಲಿದ್ದ ತನ್ನ ಬೊಟ್ಟು ನೋಡಿದಳು, ಮತ್ತೆ ಪರದೆ ನೋಡಿದಳು, ಮತ್ತೆ ಬೊಟ್ಟು ನೋಡಿದಳು.

"ಹೂಂ, ಇರ್ಲಿ. ಕಣ್ಣಿಗೆ ಹಚ್ಚಿದ ಕಾಡಿಗಿ ಆ ಕಣ್ಣಿಗೆ ಕಾಣ್ತೈತೇನು?"

ಗಂಗಕ್ಕ ಅಲ್ಲಿಗೇ ಸುಮ್ಮನಾಗಬಹುದಿತ್ತು. ಆದರೆ ಅವಳಿಗೆ ಆ ಕ್ಯಾಮೆರಾ ಏನು ಬಲ್ಲದೆಂದು ಗೊತ್ತಿತ್ತಲ್ಲ. "ಒಂದ್ ಮಾತು ಕೇಳ್ಲಾ, ಬಸಮ್ಮವ್ವ? ಮೊದಲ್ನೇದು ನೀ ಹೇಳಿದಂಗ ಬೊಟ್ಟಿಟ್ಟ ತಗದೆ. ಈಗ ಗ್ಲಾಸು ಒರಸಿ ಇನ್ನೊಂದು ತಗೀಲಾ? ಅರುಣಾಗ. ಸ್ವಚ್ಛಂದು."

ಬಸಮ್ಮವ್ವ ಕೂಸಿನ ಅಂಗಾಲು ಉಜ್ಜುತ್ತಾ ಲೆಕ್ಕ ಹಾಕಿದಳು. ಅದು ಯಾವ ಶಾಲೆಯ ಲೆಕ್ಕವೋ.

"ಬಂದ ದಿಷ್ಟಿ ಮೊದಲ್ನೇದ್ಕ ಹತ್ತಿ ಹೋತು. ಎರಡನೇದ್ಕ ಏನ್ ಉಳೀತೈತಿ? ತಗಿ. ಆದ್ರ ಮೊದಲ್ನೇದು ಯಾವಾಗ್ಲೂ ನಂದು, ತಿಳೀತೇನು?"

"ಮೊದಲ್ನೇದು ನಿಂದ."

ಎರಡನೆಯದು ಹೇಗೆ ಬಂತೆಂದು ಬರೆಯಲು ಹೋದರೆ ನನ್ನ ಮಾತು ಸಾಲದು. ಆ ಕೂಸು ಆಗ ಆಕಳಿಸಿತು. ಅದರ ಒಸಡಿನ ಗುಲಾಬಿ ಬಣ್ಣ ಕೂಡ ಬಂದಿದೆ.

ಮರುವಾರ ಗುರುಸ್ವಾಮಿಯ ಅಂಗಡಿಗೆ ಹೋಗಿ ಆ ತಿರುಪಿನ ಗಾಜು ಕೇಳಿದೆವು. "ನಾ ಅವತ್ತ ಹೇಳಿದ್ನಲ್ರಿ. ಬೆರಳು ತಾಗಿಸಿದ್ರೇನು?" ಎಂದ.

"ಬೆರಳಷ್ಟ ಅಲ್ರಿ, ಹರಳೆಣ್ಣಿ ಕಾಡಿಗಿ" ಎಂದು ಗಂಗಕ್ಕ ನಡೆದದ್ದನ್ನು ಹೇಳಿದಳು. ಅವನು ತಲೆ ಮೇಲೆ ಕೈಯಿಟ್ಟುಕೊಂಡ. ಆಮೇಲೆ ಏನನಿಸಿತೋ, ಒಂದರ ಜೊತೆ ಇನ್ನೊಂದು ಗಾಜು ಸೇರಿಸಿಕೊಟ್ಟ. "ನಮ್ಮನ್ಯಾಗೂ ಮೊಮ್ಮಗಳು ಹುಟ್ಯಾಳ ಅಕ್ಕಾ. ನಮ್ಮ ಅಮ್ಮ ಫೋಟೊ ಬ್ಯಾಡ ಅಂತ ಕುಂತಾಳ. ಒಂದಿನ ಬರ್ರಿ" ಎಂದ.

ಈಗ ಆ ಗಾಜೇ ಗಂಗಕ್ಕನ ಬೊಟ್ಟಿನ ಜಾಗ. ಕೂಸಿನ ಮನೆಗೆ ಹೋದ ಕೂಡಲೇ ಲೆನ್ಸಿನ ಮುಂದೆ ಅದನ್ನು ತಿರುಪಿ ಹಾಕುತ್ತಾಳೆ. ಆ ಮನೆಯ ಹಿರಿಯಾಕೆ ಅದರ ಮೇಲೆ ಬೊಟ್ಟಿಡುತ್ತಾಳೆ. ಮೊದಲ ಫೋಟೊ ಹಾಗೆಯೇ. ಆಮೇಲೆ ಎಲ್ಲರ ಕಣ್ಣೆದುರೇ ಗಾಜು ಬಿಚ್ಚಿ ಪಕ್ಕಕ್ಕಿಟ್ಟು ಉಳಿದವನ್ನು ತೆಗೆಯುತ್ತಾಳೆ. ಯಾರಿಗೂ ಏನೂ ಮುಚ್ಚಿಡುವುದಿಲ್ಲ. ಒಂದು ಮಜ ಎಂದರೆ, ಸ್ವಚ್ಛ ಫೋಟೊ ಆಲ್ಬಮ್ಮಿಗೆ ಹೋಗುತ್ತದೆ, ಗೋಡೆಗೆ ಮಾತ್ರ ಬಹಳ ಜನ ಆ ಮಂಜು ಮಂಜಾದ ಮೊದಲನೆಯದನ್ನೇ ಕೇಳುತ್ತಾರೆ.

ಸಿರುಗುಪ್ಪದ ತೊಟ್ಟಿಲ ಶಾಸ್ತ್ರಕ್ಕೆ ನಾನೂ ಹೋಗಿದ್ದೆ. ಗಿರಣಿಯ ತೌಡಿನ ವಾಸನೆ ಮನೆಯ ಅಂಗಳದವರೆಗೂ ಬರುತ್ತಿತ್ತು. ಅರುಣಾಳ ಅತ್ತೆ ಸುವರ್ಣಮ್ಮ ಕಾಡಿಗೆ ಬಟ್ಟಲು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಸುದ್ದಿ ನಮಗಿಂತ ಮೊದಲ ಬಸ್ಸಿಗೆ ಹೋಗಿತ್ತು. ಆಕೆ ಬೆರಳ ತುದಿಯಿಂದ ಗಾಜಿನ ಅಂಚಿಗೆ ಒಂದಿಷ್ಟೇ ಇಡಲು ಹೋದರೆ, ಕುರುಗೋಡಿನಿಂದ ಬಂದ ಬಸಮ್ಮವ್ವ ಕ್ಯಾಮೆರಾದ ಕೆಲಸ ಹುಟ್ಟಿನಿಂದ ಬಲ್ಲವಳಂತೆ ಕೂಗಿದಳು. "ಅಲ್ಲವಾ ಬೀಗ್ತಿ, ಅಂಚಿಗಲ್ಲ! ನಡಕ ಇಡು, ನಡಕ! ಅಂಚಿಗಿಟ್ರ ಫೋಟೊ ಚಲೋ ಬರಂಗಿಲ್ಲ."

ಗಂಗಕ್ಕ ನಗುವನ್ನು ಕ್ಯಾಮೆರಾದ ಹಿಂದೆ ಬಚ್ಚಿಟ್ಟುಕೊಂಡಳು. ಅಂದು ಹೊರಡುವ ಹೊತ್ತಿಗೆ ಅಂಗಳದಲ್ಲಿ ಇನ್ನೂ ಮೂರ್ನಾಲ್ಕು ಮನೆಯ ಹೆಂಗಸರು ಕೂಸುಗಳನ್ನು ಎತ್ತಿಕೊಂಡು, ತಮ್ಮ ತಮ್ಮ ಬಟ್ಟಲು ಹಿಡಿದು ನಿಂತಿದ್ದರು.

ಮೊನ್ನೆ ಅಂಗಡಿಗೆ ಹೊಸ ಬೋರ್ಡು ಬರೆಸಿದರು. ಅಮರೇಶ, ಹೊಸ ಕ್ಯಾಮೆರಾದ ಹೆಸರು, ಅದರ ಗುಣಗಳನ್ನೆಲ್ಲ ಬರೆಸು, ಈಗ ಅದೇ ನಡೆಯುವುದು ಎಂದ. ಗಂಗಕ್ಕ ಒಪ್ಪಲಿಲ್ಲ. "ಅದನ್ನ ಓದಾಕ ಬರೂದು ನಿಂಗಷ್ಟ" ಎಂದು ತಮ್ಮನ ಬಾಯಿ ಮುಚ್ಚಿಸಿ, ಬರೆಯುವ ಮಾರೆಣ್ಣನಿಗೆ ಒಂದೇ ಸಾಲು ಹೇಳಿದಳು. "ಇಲ್ಲಿ ಬೊಟ್ಟಿಟ್ಟು ಕೂಸುಗಳ ಫೋಟೊ ತೆಗೆಯಲಾಗುತ್ತದೆ."

ಬಣ್ಣ ಆರುವ ಮೊದಲೇ ಬಸಮ್ಮವ್ವ ಬಂದು ಅದನ್ನು ಯಾರಿಂದಲೋ ಓದಿಸಿ ಕೇಳಿದಳು. ಒಂದು ತಕರಾರು ಎತ್ತಿದಳು. ಅದು ಸರಿಯಾದದ್ದೇ ಎಂದು ಎಲ್ಲರೂ ಒಪ್ಪಿದರು. ಮಾರೆಣ್ಣ ಮತ್ತೆ ಏಣಿ ಹತ್ತಿ, ಕೆಳಗೆ ಸಣ್ಣ ಅಕ್ಷರದಲ್ಲಿ ಸೇರಿಸಿದ: "ಕಾಡಿಗೆ ಮನೆಯದೇ ತರಬೇಕು. ಅಂಗಡಿಯಲ್ಲಿ ಕೊಂಡದ್ದು ನಡೆಯುವುದಿಲ್ಲ."